ಮೋಟರ್ ಇಲ್ಲದ ಫ್ಲಾಪಿ: ರ್ಯಾಮ್ ಡಿಸ್ಕ್ ಮೇಲೆ ಹಳೆಯ ಇಮೇಜ್ ಮೌಂಟ್ ಮಾಡುವುದು

ಹಳೆಯ ಸಿಡಿಯಲ್ಲೋ ಬ್ಯಾಕಪ್ ಫೋಲ್ಡರ್‌ನ ಮೂಲೆಯಲ್ಲೋ ಒಂದು ಫೈಲ್ ಸಿಗುತ್ತದೆ. ಗಾತ್ರ ಸರಿಯಾಗಿ 14,74,560 ಬೈಟ್. ಒಂದು ಬೈಟ್ ಹೆಚ್ಚಿಲ್ಲ, ಒಂದು ಬೈಟ್ ಕಡಿಮೆಯಿಲ್ಲ. ಈ ಸಂಖ್ಯೆ ಕಂಡರೆ ಹಳಬರಿಗೆ ತಕ್ಷಣ ಗೊತ್ತಾಗುತ್ತದೆ, ಇದು ಮೂರೂವರೆ ಇಂಚಿನ ಫ್ಲಾಪಿಯ ಇಮೇಜ್, ಅಂದರೆ ಇಡೀ ಫ್ಲಾಪಿಯ ಯಥಾವತ್ ಪ್ರತಿ. ಒಳಗೆ ಏನಿದೆ ನೋಡಬೇಕು. ಫ್ಲಾಪಿಯೂ ಇಲ್ಲ, ಡ್ರೈವೂ ಇಲ್ಲ. ಇರುವುದು ಈ ಫೈಲ್ ಮತ್ತು ಒಂದು ಯುನಿಕ್ಸ್ ಮಷೀನ್, ಅಷ್ಟೇ.

ಮೌಂಟ್ ಮಾಡಿದರಾಯ್ತು (ಡಿಸ್ಕನ್ನು ಒಂದು ಡೈರೆಕ್ಟರಿಗೆ ಜೋಡಿಸಿ ತೆರೆಯುವುದೇ ಮೌಂಟ್) ಅಂದುಕೊಂಡು ಆ ಫೈಲನ್ನೇ ಮೌಂಟ್ ಕಮಾಂಡ್‌ಗೆ ಕೊಟ್ಟರೆ ಹಳೆಯ ಯುನಿಕ್ಸ್ ಒಪ್ಪುವುದಿಲ್ಲ. ಬ್ಲಾಕ್ ಡಿವೈಸ್, ಅಂದರೆ ನಂಬರ್ ಹೇಳಿದರೆ ಆ ನಂಬರಿನ ಬ್ಲಾಕ್ ಕೊಡುವ ಡಿಸ್ಕ್‌ನಂಥ ಸಾಧನ ಬೇಕು ಎಂದು ಪಟ್ಟು ಹಿಡಿಯುತ್ತದೆ. ವಿಚಿತ್ರ ಅಲ್ವಾ? ಯುನಿಕ್ಸ್‌ನಲ್ಲಿ ಎಲ್ಲವೂ ಫೈಲ್ ಎಂದು ಮೊದಲ ದಿನವೇ ಹೇಳಿಕೊಡುತ್ತಾರೆ. ಡಿಸ್ಕ್ ಒಂದು ಫೈಲ್, ಟರ್ಮಿನಲ್ ಒಂದು ಫೈಲ್. ಹಾಗಿದ್ದ ಮೇಲೆ ನಿಜವಾದ ಫೈಲನ್ನೇ ಎದುರಿಗಿಟ್ಟರೆ ಬೇಡ ಅನ್ನುವುದು ಯಾಕೆ?

ಇವತ್ತಿನ ಲಿನಕ್ಸ್ ಇಷ್ಟು ಹಟ ಮಾಡುವುದಿಲ್ಲ. ಫೈಲ್ ಕೊಟ್ಟರೆ ಲೂಪ್ ಡಿವೈಸ್ ಎಂಬುದನ್ನು ತಾನೇ ಮರೆಯಲ್ಲಿ ಜೋಡಿಸಿಕೊಂಡು ತೆರೆದು ತೋರಿಸುತ್ತದೆ. ಅನುಕೂಲವೇನೋ ಹೌದು. ಆದರೆ ಮೌಂಟ್ ನಿಜವಾಗಿ ಕೇಳುವುದು ಏನು ಎಂಬುದು ಆಗ ಕಣ್ಣಿಗೆ ಬೀಳುವುದೇ ಇಲ್ಲ. ಅದಕ್ಕಿಂತ ಹಳೆಯ, ಇನ್ನೂ ಸರಳವಾದ ಒಂದು ದಾರಿ ಇದೆ. ಇಮೇಜನ್ನು ರ್ಯಾಮ್ ಡಿಸ್ಕ್‌ಗೆ, ಅಂದರೆ ಡಿಸ್ಕ್‌ನಂತೆ ನಡೆದುಕೊಳ್ಳುವ ಒಂದಷ್ಟು ಮೆಮೊರಿಗೆ ಸುರಿದು, ಆ ರ್ಯಾಮ್ ಡಿಸ್ಕನ್ನೇ ಫ್ಲಾಪಿ ಎಂದು ಮೌಂಟ್ ಮಾಡುವುದು. ಕೆಲಸ ಮೂರು ಕಮಾಂಡ್‌ಗಳಲ್ಲಿ ಮುಗಿಯುತ್ತದೆ. ಅದು ಯಾಕೆ ಕೆಲಸ ಮಾಡುತ್ತದೆ ಎಂಬುದು ಆ ಮೂರು ಕಮಾಂಡ್‌ಗಳಿಗಿಂತ ಸ್ವಾರಸ್ಯದ ವಿಷಯ. ಹಾಗಾಗಿ ಅಲ್ಲಿಂದಲೇ ಶುರು ಮಾಡೋಣ.

ಫೈಲ್ ಒಳಗೆ ಏನಿದೆ

ಫ್ಲಾಪಿಯ ಮೇಲ್ಮೈ ಮೇಲೆ ಒಂದರ ಒಳಗೊಂದು ವೃತ್ತಗಳಿವೆ. ಅವೇ ಟ್ರ್ಯಾಕ್‌ಗಳು. ಹೈ ಡೆನ್ಸಿಟಿ ಫ್ಲಾಪಿಯ ಒಂದು ಬದಿಗೆ 80 ಟ್ರ್ಯಾಕ್. ಎರಡು ಬದಿ. ಪ್ರತಿ ಟ್ರ್ಯಾಕ್‌ನಲ್ಲಿ 18 ಸೆಕ್ಟರ್. ಪ್ರತಿ ಸೆಕ್ಟರ್‌ಗೆ 512 ಬೈಟ್. ಎಲ್ಲ ಗುಣಿಸಿದರೆ 2,880 ಸೆಕ್ಟರ್, ಅಂದರೆ ಮೇಲೆ ಹೇಳಿದ ಅದೇ 14,74,560 ಬೈಟ್.

ಇದನ್ನು 1.44 ಎಂಬಿ ಎಂದು ಕರೆದವರ ಲೆಕ್ಕ ಮಾತ್ರ ವಿಚಿತ್ರ. ಹತ್ತರ ಲೆಕ್ಕದಲ್ಲಿ ಇದು 1.47 ಎಂಬಿ. ಎರಡರ ಘಾತದ ಲೆಕ್ಕದಲ್ಲಿ 1.41. 1.44 ಬರಬೇಕಾದರೆ ಒಂದು ಕಡೆ 1024, ಇನ್ನೊಂದು ಕಡೆ 1000 ಹಿಡಿದು ಎರಡನ್ನೂ ಕಲಸಬೇಕು. ಇಡೀ ಜಗತ್ತು ವರ್ಷಗಟ್ಟಲೆ ಈ ತಪ್ಪು ಸಂಖ್ಯೆಯನ್ನೇ ಬಳಸಿತು. ನಮ್ಮ ಕೆಲಸಕ್ಕೆ ನೆನಪಿಡಬೇಕಾದ್ದು 1440 ಎಂಬ ಸಂಖ್ಯೆ. 1024 ಬೈಟ್‌ನ ಬ್ಲಾಕ್‌ಗಳು ಅಷ್ಟಿವೆ.

ಇಮೇಜ್ ಫೈಲ್ ಎಂದರೆ ಈ 2,880 ಸೆಕ್ಟರ್‌ಗಳನ್ನು ಮೊದಲಿಂದ ಕೊನೆಯವರೆಗೆ ಸಾಲಾಗಿ ಬರೆದಿಟ್ಟದ್ದು. ಮೊದಲ ಟ್ರ್ಯಾಕ್‌ನ ಒಂದು ಬದಿ, ಆಮೇಲೆ ಅದೇ ಟ್ರ್ಯಾಕ್‌ನ ಇನ್ನೊಂದು ಬದಿ, ಆಮೇಲೆ ಎರಡನೇ ಟ್ರ್ಯಾಕ್, ಹೀಗೆ. ನಡುವೆ ಬೇರೇನೂ ಇಲ್ಲ. ಗುರುತಿನ ಚೀಟಿ ಇಲ್ಲ, ಕಂಪ್ರೆಷನ್ ಇಲ್ಲ. 33ನೇ ಸೆಕ್ಟರ್ ಬೇಕೆಂದರೆ 33ನ್ನು 512ರಿಂದ ಗುಣಿಸಿ ಆ ಜಾಗಕ್ಕೆ ಹೋದರೆ ಸಾಕು.

33 ಎಂದು ಸುಮ್ನೆ ಹೇಳಲಿಲ್ಲ. ಡಾಸ್ ಕಾಲದ ಫ್ಲಾಪಿಯನ್ನೇ ತೆಗೆದುಕೊಳ್ಳಿ. ಎಣಿಕೆ ಸೊನ್ನೆಯಿಂದ ಶುರು. ಸೊನ್ನೆಯ ಸೆಕ್ಟರ್ ಬೂಟ್ ಸೆಕ್ಟರ್. ಫ್ಲಾಪಿಯ ಅಳತೆಗಳೆಲ್ಲ ಅಲ್ಲಿ ಬರೆದಿರುತ್ತವೆ. 1ರಿಂದ 9ರವರೆಗೆ ಫ್ಯಾಟ್ ಎಂಬ ಕೋಷ್ಟಕ. ಯಾವ ಫೈಲ್‌ನ ಯಾವ ತುಂಡು ಎಲ್ಲಿದೆ ಎಂಬ ಲೆಕ್ಕ ಅದರಲ್ಲಿದೆ. 10ರಿಂದ 18ರವರೆಗೆ ಅದೇ ಕೋಷ್ಟಕದ ಇನ್ನೊಂದು ಪ್ರತಿ. 19ರಿಂದ 32ರವರೆಗೆ ಮುಖ್ಯ ಡೈರೆಕ್ಟರಿ. ಅಲ್ಲಿ ತಲಾ 32 ಬೈಟ್‌ನ 224 ನಮೂದುಗಳಿಗೆ ಜಾಗ. ನಿಜವಾದ ಡೇಟಾ ಶುರುವಾಗುವುದು 33ರಿಂದ. ಈ ಲೆಕ್ಕವೆಲ್ಲ ಸೆಕ್ಟರ್ ನಂಬರ್‌ಗಳಲ್ಲಿದೆ ಎಂಬುದನ್ನು ಗಮನಿಸಿ. ಟ್ರ್ಯಾಕ್, ಬದಿ, ಮೋಟರ್ ಯಾವುದರ ಮಾತೂ ಇಲ್ಲ. ಫೈಲ್ ಸಿಸ್ಟಮ್‌ಗೆ, ಅಂದರೆ ಡಿಸ್ಕ್ ಮೇಲೆ ಫೈಲ್‌ಗಳನ್ನು ಜೋಡಿಸಿಡುವ ಈ ವ್ಯವಸ್ಥೆಗೆ, ಬೇಕಾದ್ದು ನಂಬರ್ ಹಾಕಿದ ಡಬ್ಬಗಳ ಒಂದು ಸಾಲು ಮಾತ್ರ.

ಇನ್ನೊಂದು ಅನುಕೂಲವೂ ಇದೆ. ಫ್ಲಾಪಿಯಲ್ಲಿ ಪಾರ್ಟಿಷನ್ ಇರುವುದಿಲ್ಲ. ಫೈಲ್ ಸಿಸ್ಟಮ್ ಸೊನ್ನೆಯ ಸೆಕ್ಟರ್‌ನಿಂದಲೇ ಶುರು. ಹಾರ್ಡ್ ಡಿಸ್ಕ್‌ನ ಇಮೇಜ್ ಆಗಿದ್ದರೆ ಮೊದಲು ಪಾರ್ಟಿಷನ್ ಟೇಬಲ್ ಓದಿ, ಎಷ್ಟು ಸೆಕ್ಟರ್ ದಾಟಬೇಕು ಎಂದು ಲೆಕ್ಕ ಹಾಕಬೇಕಿತ್ತು.

ಮೌಂಟ್ ಯಾಕೆ ಫೈಲ್ ಬೇಡ ಅನ್ನುತ್ತದೆ

ಯುನಿಕ್ಸ್‌ನ ತಿರುಳಾದ ಕರ್ನಲ್ ಒಳಗೆ ಫೈಲ್ ಸಿಸ್ಟಮ್‌ನ ಕೋಡ್ ಡಿಸ್ಕ್ ಜೊತೆ ನೇರವಾಗಿ ಮಾತಾಡುವುದಿಲ್ಲ. ನಡುವೆ ಬಫರ್ ಕ್ಯಾಶ್ ಇದೆ, ಓದಿದ ಬ್ಲಾಕ್‌ಗಳನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳುವ ಜಾಗ. ಫೈಲ್ ಸಿಸ್ಟಮ್ ಅದಕ್ಕೆ ಕೇಳುವ ಪ್ರಶ್ನೆ ಒಂದೇ ಬಗೆಯದು: ಇಂಥ ಡಿವೈಸ್‌ನ ಇಂಥ ನಂಬರಿನ ಬ್ಲಾಕ್ ಕೊಡು. ಅದು ಮೆಮೊರಿಯಲ್ಲಿದ್ದರೆ ಕ್ಯಾಶ್ ತಾನೇ ಕೊಡುತ್ತದೆ. ಇಲ್ಲದಿದ್ದರೆ ಆ ಡಿವೈಸ್‌ನ ಡ್ರೈವರ್‌ಗೆ ಕೆಲಸ ಒಪ್ಪಿಸುತ್ತದೆ.

ಡಿವೈಸ್ ಎಂದರೆ ಇಲ್ಲಿ ಎರಡು ನಂಬರ್, ಮೇಜರ್ ಮತ್ತು ಮೈನರ್. ಮೇಜರ್ ನಂಬರ್ ಯಾವ ಡ್ರೈವರ್ ಎಂದು ಹೇಳುತ್ತದೆ. ಮೈನರ್ ನಂಬರ್ ಆ ಡ್ರೈವರ್ ನೋಡಿಕೊಳ್ಳುವ ಎಷ್ಟನೇ ಸಾಧನ ಎಂದು ಹೇಳುತ್ತದೆ. ಕರ್ನಲ್‌ನಲ್ಲಿ ಬ್ಲಾಕ್ ಡ್ರೈವರ್‌ಗಳದ್ದೇ ಒಂದು ಪಟ್ಟಿ ಇರುತ್ತದೆ. ಮೇಜರ್ ನಂಬರ್ ಹಿಡಿದು ಆ ಪಟ್ಟಿಯಲ್ಲಿ ನೋಡಿದರೆ ಡ್ರೈವರ್‌ನ ಓಪನ್, ಕ್ಲೋಸ್ ಮತ್ತು ಸ್ಟ್ರಾಟಜಿ ಎಂಬ ಫಂಕ್ಷನ್‌ಗಳು ಸಿಗುತ್ತವೆ. ಓದುವ ಬರೆಯುವ ಕೆಲಸವೆಲ್ಲ ಸ್ಟ್ರಾಟಜಿಯದ್ದು. ಹೆಸರು ದೊಡ್ಡದಾಯಿತು ಅನಿಸಬಹುದು. ಯಾವ ಕೋರಿಕೆಯನ್ನು ಮೊದಲು ಮುಗಿಸಿದರೆ ಡಿಸ್ಕ್‌ನ ಹೆಡ್ ಕಡಿಮೆ ಅಲೆಯುತ್ತದೆ ಎಂದು ಯೋಚಿಸುವುದೂ ಅದರ ಪಾಲಿಗಿತ್ತು, ಅದಕ್ಕೇ ಆ ಹೆಸರು.

ಈಗ ನಮ್ಮ ಇಮೇಜ್ ಫೈಲ್ ನೋಡಿ. ಅದು ಹಾರ್ಡ್ ಡಿಸ್ಕ್ ಮೇಲೆ ಒಂದು ಸಾಮಾನ್ಯ ಫೈಲ್. ಅದಕ್ಕೆ ಅದರದ್ದೇ ಆದ ಮೇಜರ್ ನಂಬರ್ ಇಲ್ಲ. ಅದರ 33ನೇ ತುಂಡು ಹಾರ್ಡ್ ಡಿಸ್ಕ್‌ನ 33ನೇ ಬ್ಲಾಕ್‌ನಲ್ಲಿ ಇರುವುದಿಲ್ಲ, ಬೇರೆ ಎಲ್ಲೋ ಇರುತ್ತದೆ. ಎಲ್ಲಿದೆ ಎಂದು ಗೊತ್ತಿರುವುದು ಆ ಫೈಲನ್ನು ಇಟ್ಟುಕೊಂಡಿರುವ ಫೈಲ್ ಸಿಸ್ಟಮ್‌ಗೆ ಮಾತ್ರ. ಬಫರ್ ಕ್ಯಾಶ್‌ಗೆ ಅದು ತಿಳಿಯದು. ಹಾಗಾಗಿ ಮೌಂಟ್ ಬೇಡ ಎಂದದ್ದು ಹಟಕ್ಕಲ್ಲ. ಫೈಲ್ ಒಳಗಿನ ಡೇಟಾದಲ್ಲಿ ಕೊರತೆ ಏನೂ ಇಲ್ಲ. ನಂಬರ್ ಹೇಳಿದರೆ ಬ್ಲಾಕ್ ತಂದುಕೊಡುವ ಆಳು ಇಲ್ಲ, ಅಷ್ಟೇ ತೊಂದರೆ.

ಆ ಆಳನ್ನು ಒದಗಿಸಲು ಎರಡು ದಾರಿ. ಫೈಲ್ ಇರುವ ಜಾಗದಲ್ಲೇ ಇರಲಿ, ನಂಬರ್ ಕೇಳಿದಾಗಲೆಲ್ಲ ಫೈಲ್ ಸಿಸ್ಟಮ್ ಮೂಲಕ ಹುಡುಕಿ ತರುವ ಡ್ರೈವರ್ ಬರೆಯುವುದು ಒಂದು. ಅದೇ ಲೂಪ್ ಡಿವೈಸ್. ಎಲ್ಲ ಬ್ಲಾಕ್‌ಗಳನ್ನೂ ಒಮ್ಮೆಗೇ ಮೆಮೊರಿಗೆ ಸುರಿದು, ಅಲ್ಲಿಂದ ಕೊಡುವ ಡ್ರೈವರ್ ಇಟ್ಟುಕೊಳ್ಳುವುದು ಇನ್ನೊಂದು. ಅದು ರ್ಯಾಮ್ ಡಿಸ್ಕ್.

ಹತ್ತು ಸಾಲಿನ ಡ್ರೈವರ್

ನಿಜವಾದ ಫ್ಲಾಪಿಯ ಡ್ರೈವರ್ ಬರೆದವರ ಕಷ್ಟ ಒಮ್ಮೆ ಊಹಿಸಿಕೊಳ್ಳಿ. ಮೊದಲು ಮೋಟರ್ ಚಾಲೂ ಮಾಡಬೇಕು. ಅದು ನಿಮಿಷಕ್ಕೆ 300 ಸುತ್ತಿನ ವೇಗಕ್ಕೆ ಬರುವವರೆಗೆ ಕಾಯಬೇಕು. ಹೆಡ್ಡನ್ನು ಸರಿಯಾದ ಟ್ರ್ಯಾಕ್‌ಗೆ ಸರಿಸಬೇಕು. ಡೇಟಾವನ್ನು ನೇರ ಮೆಮೊರಿಗೆ ಸಾಗಿಸುವ ಡಿಎಂಎ ಜೋಡಿಸಬೇಕು. ಕೆಲಸ ಆಯಿತು ಎಂದು ಹಾರ್ಡ್‌ವೇರ್ ಕೊಡುವ ಸೂಚನೆ, ಅಂದರೆ ಇಂಟರಪ್ಟ್, ಬರುವವರೆಗೆ ತಾಳ್ಮೆಯಿಂದಿರಬೇಕು. ಓದಿದ್ದು ತಪ್ಪಿದ್ದರೆ ಮತ್ತೆ ಓದಬೇಕು. ಮತ್ತೂ ತಪ್ಪಿದರೆ ಹೆಡ್ಡನ್ನು ಮೊದಲ ಟ್ರ್ಯಾಕ್‌ಗೆ ವಾಪಸ್ ಕಳಿಸಿ ಹೊಸದಾಗಿ ಎಣಿಸಿಕೊಂಡು ಬರಬೇಕು. ಇದರ ನಡುವೆ ಬಳಸುವವರು ಫ್ಲಾಪಿಯನ್ನೇ ಎಳೆದು ಬೇರೆಯದನ್ನು ಹಾಕಿಬಿಡಬಹುದು. ಅದನ್ನೂ ಪತ್ತೆ ಹಚ್ಚಬೇಕು. ಕೆಲಸ ಮುಗಿದ ಮೇಲೆ ಸ್ವಲ್ಪ ಹೊತ್ತು ಬಿಟ್ಟು ಮೋಟರ್ ನಿಲ್ಲಿಸಬೇಕು.

ರ್ಯಾಮ್ ಡಿಸ್ಕ್ ಡ್ರೈವರ್‌ಗೆ ಇದ್ಯಾವುದೂ ಇಲ್ಲ. ಅದರ ಸ್ಟ್ರಾಟಜಿ ಮಾಡುವುದು ಇಷ್ಟು. ಬಂದ ಬ್ಲಾಕ್ ನಂಬರನ್ನು 512ರಿಂದ ಗುಣಿಸು. ಮೆಮೊರಿಯಲ್ಲಿ ನಮ್ಮ ಜಾಗ ಶುರುವಾಗುವ ವಿಳಾಸಕ್ಕೆ ಅದನ್ನು ಕೂಡಿಸು. ಕೇಳಿದ ಜಾಗ ಮಿತಿ ದಾಟಿದೆಯೇ ನೋಡು, ದಾಟಿದ್ದರೆ ಎರರ್ ಕೊಡು. ಓದುವ ಕೋರಿಕೆಯಾದರೆ ಅಲ್ಲಿಂದ ಬಫರ್‌ಗೆ ಕಾಪಿ ಮಾಡು, ಬರೆಯುವುದಾದರೆ ಬಫರ್‌ನಿಂದ ಅಲ್ಲಿಗೆ. ಕೆಲಸ ಮುಗಿಯಿತು ಎಂದು ತಿಳಿಸು. ಹತ್ತಿಪ್ಪತ್ತು ಸಾಲಿನ ಸಿ ಕೋಡ್ ಸಾಕು. ಕಾಯುವುದಿಲ್ಲ, ಇಂಟರಪ್ಟ್ ಇಲ್ಲ, ಮತ್ತೆ ಪ್ರಯತ್ನಿಸುವುದಿಲ್ಲ. ಬ್ಲಾಕ್ ಡ್ರೈವರ್ ಎಂದರೇನು ಎಂದು ಯಾರಾದರೂ ಕೇಳಿದರೆ ನಾನು ಮೊದಲು ತೋರಿಸುವುದು ಇದನ್ನೇ. ಹಾರ್ಡ್‌ವೇರ್‌ನ ಗಲಾಟೆ ತೆಗೆದು ಹಾಕಿದ ಮೇಲೆ ಉಳಿಯುವ ತಿರುಳು ಇದು.

ಮೇಲಿನ ಪದರಕ್ಕೆ ಇದರಿಂದ ಯಾವ ವ್ಯತ್ಯಾಸವೂ ಗೊತ್ತಾಗುವುದಿಲ್ಲ. 33ನೇ ಬ್ಲಾಕ್ ಕೇಳಿದೆ, 33ನೇ ಬ್ಲಾಕ್ ಬಂತು. ಅದು ತಿರುಗುವ ತಟ್ಟೆಯಿಂದ ಬಂತೋ ಮೆಮೊರಿಯಿಂದ ಬಂತೋ, ಫೈಲ್ ಸಿಸ್ಟಮ್ ಕೇಳುವುದೇ ಇಲ್ಲ.

ವೇಗದ ಮಾತು ಬಂದರೆ, ನಿಮಿಷಕ್ಕೆ 300 ಸುತ್ತು ಎಂದರೆ ಒಂದು ಸುತ್ತಿಗೆ 0.2 ಸೆಕೆಂಡ್. ಎರಡೂ ಬದಿ ಸೇರಿ 160 ಟ್ರ್ಯಾಕ್. ಹೆಡ್ ಸರಿಯುವ ಸಮಯ ಬಿಟ್ಟರೂ ಒಂದು ಫ್ಲಾಪಿ ಪೂರ್ತಿ ಓದಲು ಕನಿಷ್ಠ 32 ಸೆಕೆಂಡ್ ಬೇಕು. ರ್ಯಾಮ್ ಡಿಸ್ಕ್‌ನಲ್ಲಿ ಅದೇ ಕೆಲಸ ಕಣ್ಣು ಮಿಟುಕಿಸುವುದರೊಳಗೆ ಆಗುತ್ತದೆ.

ಫ್ಲಾಪಿಗೂ ರ್ಯಾಮ್ ಡಿಸ್ಕ್‌ಗೂ ನಂಟು ಹಳೆಯದು. 1987ರಲ್ಲಿ ಬಂದ ಮಿನಿಕ್ಸ್ ಎಂಬ ಪುಟ್ಟ ಯುನಿಕ್ಸ್ ಬೂಟ್ ಆಗುವಾಗ ರೂಟ್ ಫೈಲ್ ಸಿಸ್ಟಮನ್ನು (ಉಳಿದೆಲ್ಲ ಡೈರೆಕ್ಟರಿಗಳಿಗೂ ಬುಡವಾದದ್ದನ್ನು) ಫ್ಲಾಪಿಯಿಂದ ರ್ಯಾಮ್ ಡಿಸ್ಕ್‌ಗೆ ತುಂಬಿಕೊಳ್ಳುತ್ತಿತ್ತು. ಆಮೇಲೆ ಡ್ರೈವ್ ಖಾಲಿ, ಬೇರೆ ಫ್ಲಾಪಿ ಹಾಕಬಹುದು. ಲಿನಕ್ಸ್‌ನ ಮೊದಲ ರ್ಯಾಮ್ ಡಿಸ್ಕ್ ಡ್ರೈವರನ್ನು ಥಿಯೊಡೋರ್ ಟ್ಸೋ 1991ರ ಡಿಸೆಂಬರ್‌ನಲ್ಲಿ ಬರೆದರು. ಆ ಕಾಲದಲ್ಲಿ ಲಿನಕ್ಸ್ ಹಾಕಿದವರಿಗೆ ಬೂಟ್ ಫ್ಲಾಪಿ, ರೂಟ್ ಫ್ಲಾಪಿ ಎಂಬ ಜೋಡಿ ನೆನಪಿರುತ್ತದೆ. ಮೊದಲನೆಯದರಲ್ಲಿ ಕರ್ನಲ್. ಅದು ಶುರುವಾದ ಮೇಲೆ ಎರಡನೆಯದನ್ನು ಹಾಕಿ ಎಂಟರ್ ಒತ್ತು ಎಂದು ಸ್ಕ್ರೀನ್ ಮೇಲೆ ಬರುತ್ತಿತ್ತು. ಆ ಎರಡನೇ ಫ್ಲಾಪಿಯ ಬ್ಲಾಕ್‌ಗಳೆಲ್ಲ ರ್ಯಾಮ್ ಡಿಸ್ಕ್‌ಗೆ ಹೋಗಿ, ಅದೇ ರೂಟ್ ಆಗಿ ಮೌಂಟ್ ಆಗುತ್ತಿತ್ತು. ಅಂದರೆ ನಾವು ಈಗ ಕೈಯಲ್ಲಿ ಮಾಡಹೊರಟಿರುವುದನ್ನು ಕರ್ನಲ್ ತಾನೇ ಮಾಡುತ್ತಿತ್ತು. ಓಪನ್‌ಬಿಎಸ್‌ಡಿ ಇವತ್ತಿಗೂ ಇನ್‌ಸ್ಟಾಲ್ ಮಾಡಲು ಕೊಡುವ ಕರ್ನಲ್‌ನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಅಲ್ಲಿ ರ್ಯಾಮ್ ಡಿಸ್ಕ್‌ನ ಇಮೇಜ್ ಕರ್ನಲ್ ಫೈಲ್‌ನ ಹೊಟ್ಟೆಯೊಳಗೇ ಇರುತ್ತದೆ. ಒಂದು ಫೈಲ್ ಲೋಡ್ ಆದರೆ ಡಿಸ್ಕೂ ಜೊತೆಗೇ ಬಂದಂತೆ.

ಲೂಪ್ ಡ್ರೈವರ್ ಲಿನಕ್ಸ್‌ಗೆ ಬಂದದ್ದು 1993ರಲ್ಲಿ. ಬರೆದವರು ಅದೇ ಟ್ಸೋ.

ಕೈಯಲ್ಲಿ ಮಾಡಿ ನೋಡೋಣ

ಲಿನಕ್ಸ್‌ನಿಂದ ಶುರು ಮಾಡೋಣ. ಅಲ್ಲಿ ಈಗಿನ ರ್ಯಾಮ್ ಡಿಸ್ಕ್ ಡ್ರೈವರ್ ಹೆಸರು ಬಿಆರ್‌ಡಿ. 2008ರಲ್ಲಿ ಹಳೆಯದರ ಜಾಗಕ್ಕೆ ಬಂತು. ಹಳೆಯದು ಡೇಟಾವನ್ನು ಬಫರ್ ಕ್ಯಾಶ್‌ನಲ್ಲೇ ಇಟ್ಟುಕೊಂಡು ಅಲ್ಲಿಂದ ಹೋಗದಂತೆ ಹಿಡಿದುಕೊಳ್ಳುತ್ತಿತ್ತು. ಜಾಣತನವೇ, ಆದರೆ ಕ್ಯಾಶ್‌ಗೆ ಸೇರಿದ ಜಾಗದಲ್ಲಿ ಡಿಸ್ಕ್ ಕಟ್ಟಿದಂತೆ ಆಗಿತ್ತು. ಹೊಸದು ಮೆಮೊರಿ ಪುಟಗಳನ್ನು ಬೇರೆಯಾಗಿ ಇಟ್ಟುಕೊಳ್ಳುತ್ತದೆ. ಅದೂ ಬರೆದಷ್ಟಕ್ಕೆ ಮಾತ್ರ. ಖಾಲಿ ಜಾಗಕ್ಕೆ ಮೆಮೊರಿ ಖರ್ಚಾಗುವುದಿಲ್ಲ.

ಬಿಆರ್‌ಡಿ ಮಾಡ್ಯೂಲನ್ನು ಮಾಡ್‌ಪ್ರೋಬ್‌ನಿಂದ ಲೋಡ್ ಮಾಡುವಾಗ ಎರಡು ವಿಷಯ ಹೇಳಬಹುದು: ಎಷ್ಟು ಡಿಸ್ಕ್ ಬೇಕು, ಪ್ರತಿಯೊಂದೂ ಎಷ್ಟು ಕೆಬಿ ಇರಬೇಕು. ನಮಗೆ ಒಂದು ಡಿಸ್ಕ್ ಸಾಕು, ಗಾತ್ರ 1440. ಡೆವ್ ಡೈರೆಕ್ಟರಿಯಲ್ಲಿ ರ್ಯಾಮ್0 ಎಂಬ ಡಿವೈಸ್ ಫೈಲ್ ಕಾಣಿಸಿಕೊಳ್ಳುತ್ತದೆ. ಅದರ ಮೇಜರ್ ನಂಬರ್ 1, ಮೈನರ್ ಸೊನ್ನೆ. ಮೊದಲು ಡೆವ್ ಡೈರೆಕ್ಟರಿಯಲ್ಲಿ ಎಲ್‌ಎಸ್ ಹೊಡೆದು ನೋಡಿ. ಸಾಲಿನ ಮೊದಲ ಅಕ್ಷರ ಬಿ ಎಂದಿದ್ದರೆ ಅದು ಬ್ಲಾಕ್ ಡಿವೈಸ್. ಮೌಂಟ್ ಕೇಳುತ್ತಿದ್ದ ಬ್ಲಾಕ್ ಡಿವೈಸ್ ಇದೇ.

ಮುಂದಿನದು ಡಿಡಿ, ಬ್ಲಾಕ್ ಬ್ಲಾಕಾಗಿ ಕಾಪಿ ಮಾಡುವ ಕಮಾಂಡ್. ಇನ್‌ಪುಟ್ ನಮ್ಮ ಇಮೇಜ್ ಫೈಲ್, ಔಟ್‌ಪುಟ್ ರ್ಯಾಮ್0, ಬ್ಲಾಕ್ ಸೈಜ್ 1024, ಕೌಂಟ್ 1440. ಇಲ್ಲಿ ಒಂದು ಕ್ಷಣ ನಿಂತು ಔಟ್‌ಪುಟ್ ಹೆಸರನ್ನು ಇನ್ನೊಮ್ಮೆ ಓದಿ. ರೂಟ್ ಆಗಿ, ಅಂದರೆ ಎಲ್ಲ ಅಧಿಕಾರ ಇರುವ ಬಳಕೆದಾರರಾಗಿ, ಕೆಲಸ ಮಾಡುತ್ತಿದ್ದೀರಿ. ಕೈ ತಪ್ಪಿ ಹಾರ್ಡ್ ಡಿಸ್ಕ್ ಹೆಸರು ಬಿದ್ದರೆ ಡಿಡಿ ಒಂದು ಮಾತೂ ಕೇಳದೆ ಅದರ ಮೊದಲ 1440 ಕೆಬಿ ಅಳಿಸಿ ಹಾಕುತ್ತದೆ.

ಮೂರನೆಯದು ಮೌಂಟ್. ಫೈಲ್ ಸಿಸ್ಟಮ್‌ನ ಬಗೆ ವಿಫ್ಯಾಟ್ ಅಥವಾ ಎಂಎಸ್‌ಡಾಸ್, ಡಿವೈಸ್ ರ್ಯಾಮ್0, ಜಾಗ ನಿಮಗೆ ಬೇಕಾದ ಒಂದು ಖಾಲಿ ಡೈರೆಕ್ಟರಿ. ಇಷ್ಟೇ. ಒಳಗೆ ಹೋಗಿ ಎಲ್‌ಎಸ್ ಹೊಡೆದರೆ ಎಂಟು ಅಕ್ಷರ, ಚುಕ್ಕೆ, ಮೂರು ಅಕ್ಷರದ ಡಾಸ್ ಹೆಸರುಗಳು ಸಾಲಾಗಿ ಕಾಣುತ್ತವೆ.

ಈಗ ಫೈಲ್ ಸೇರಿಸಬಹುದು, ತೆಗೆಯಬಹುದು, ಹೆಸರು ಬದಲಿಸಬಹುದು. ಬದಲಾವಣೆಯೆಲ್ಲ ಮೆಮೊರಿಯಲ್ಲಿರುವ ಪ್ರತಿಗೆ ಮಾತ್ರ ಆಗುತ್ತದೆ. ಮೂಲ ಇಮೇಜ್ ಹಾಗೇ ಇರುತ್ತದೆ. ನನಗೆ ಈ ದಾರಿ ಇಷ್ಟವಾಗುವುದೇ ಇದಕ್ಕೆ. ಲೂಪ್ ಡಿವೈಸ್‌ನಲ್ಲಿ ಬರೆದದ್ದು ನೇರ ಮೂಲ ಫೈಲ್‌ಗೇ ಹೋಗುತ್ತದೆ. ಹಳೆಯ ಇಮೇಜ್ ಎಂದರೆ ಅನೇಕ ಸಲ ಅದೊಂದೇ ಪ್ರತಿ. ಅದರ ಮೇಲೆ ನೇರ ಕೈಯಿಡುವುದು ನನಗೆ ಧೈರ್ಯದ ಕೆಲಸ ಅನಿಸುತ್ತದೆ.

ಬದಲಾವಣೆ ಉಳಿಸಿಕೊಳ್ಳಬೇಕಾದರೆ ಹಿಂದಕ್ಕೆ ಕಾಪಿ ಮಾಡಬೇಕು. ಅದಕ್ಕೂ ಮೊದಲು ಅನ್‌ಮೌಂಟ್. ಈ ಕ್ರಮ ತಪ್ಪಬಾರದು. ಮೌಂಟ್ ಆಗಿರುವಾಗ ಫೈಲ್ ಸಿಸ್ಟಮ್ ಕೆಲವು ಬದಲಾವಣೆಗಳನ್ನು ತನ್ನ ಬಳಿಯೇ ಇಟ್ಟುಕೊಂಡಿರುತ್ತದೆ, ಇನ್ನೂ ಡಿವೈಸ್‌ಗೆ ಬರೆದಿರುವುದಿಲ್ಲ. ಡಿಸ್ಕೂ ಮೆಮೊರಿಯಲ್ಲಿದೆ, ಕ್ಯಾಶೂ ಮೆಮೊರಿಯಲ್ಲಿದೆ, ಇನ್ನೇನು ಬರೆಯುವುದು ಅನಿಸಬಹುದು. ಆದರೆ ಅವೆರಡೂ ಬೇರೆ ಬೇರೆ ಜಾಗ. ಮಧ್ಯದಲ್ಲಿ ಡಿಡಿ ಓಡಿಸಿದರೆ ಡೈರೆಕ್ಟರಿಯಲ್ಲಿ ಹೊಸ ಫೈಲ್‌ನ ಹೆಸರಿದ್ದು, ಫ್ಯಾಟ್ ಕೋಷ್ಟಕದಲ್ಲಿ ಅದರ ಸುಳಿವಿಲ್ಲದ ಅರ್ಧಂಬರ್ಧ ಇಮೇಜ್ ಸಿಗಬಹುದು.

ಅನ್‌ಮೌಂಟ್ ಆದ ಮೇಲೆ ಡಿಡಿಯನ್ನು ತಿರುಗಿಸಿ ಓಡಿಸಿ. ಇನ್‌ಪುಟ್ ರ್ಯಾಮ್0, ಔಟ್‌ಪುಟ್ ಹೊಸ ಹೆಸರಿನ ಒಂದು ಫೈಲ್, ಬ್ಲಾಕ್ ಸೈಜ್ ಮತ್ತು ಕೌಂಟ್ ಮೊದಲಿನಂತೆ. ಕೌಂಟ್ ಮರೆಯಬೇಡಿ. ನಾನು ಮರೆತಿದ್ದೆ. ಆಗ ನನ್ನ ಕರ್ನಲ್‌ನಲ್ಲಿ ರ್ಯಾಮ್ ಡಿಸ್ಕ್‌ನ ಗಾತ್ರ 4096 ಕೆಬಿ ಇತ್ತು, ಬದಲಿಸದೆ ಬಿಟ್ಟರೆ ಲಿನಕ್ಸ್ ಇಟ್ಟುಕೊಳ್ಳುತ್ತಿದ್ದ ಗಾತ್ರ ಅದೇ. ಮೌಂಟ್ ಏನೂ ತಕರಾರು ಮಾಡಿರಲಿಲ್ಲ. ತನ್ನ ಅಳತೆ 2,880 ಸೆಕ್ಟರ್ ಎಂದು ಬೂಟ್ ಸೆಕ್ಟರ್‌ನಲ್ಲೇ ಬರೆದಿರುವುದರಿಂದ, ಡಿವೈಸ್ ಅದಕ್ಕಿಂತ ದೊಡ್ಡದಿದ್ದರೆ ಫೈಲ್ ಸಿಸ್ಟಮ್‌ಗೆ ತೊಂದರೆಯಿಲ್ಲ. ಆದರೆ ವಾಪಸ್ ತೆಗೆದ ಇಮೇಜ್ 41,94,304 ಬೈಟ್ ಆಗಿತ್ತು. ಬಾಲದಲ್ಲಿ ಬರೀ ಸೊನ್ನೆಗಳು. ಹಳೆಯ ಕಂಪ್ಯೂಟರನ್ನು ಅನುಕರಿಸುವ ನನ್ನ ಎಮ್ಯುಲೇಟರ್ ಅದನ್ನು ಫ್ಲಾಪಿ ಎಂದು ಒಪ್ಪಲೇ ಇಲ್ಲ. ಗಾತ್ರ ನೋಡಿ ಫ್ಲಾಪಿಯ ಬಗೆ ಊಹಿಸುವ ಎಮ್ಯುಲೇಟರ್ ಅದು. ತಪ್ಪು ಎಲ್ಲಿದೆ ಎಂದು ಹುಡುಕುತ್ತಾ ಒಂದು ಸಂಜೆ ಹೋಯಿತು. ಬಿಆರ್‌ಡಿಯನ್ನು ಸರಿಯಾಗಿ 1440ಕ್ಕೆ ಕಟ್ಟಿದರೆ ಕೌಂಟ್ ಇಲ್ಲದೆಯೂ ನಡೆಯುತ್ತದೆ. ಆದರೂ ಬರೆಯುವ ರೂಢಿ ಇಟ್ಟುಕೊಳ್ಳುವುದು ಒಳ್ಳೆಯದು.

ಕರ್ನಲ್‌ನೊಳಗೇ ಡ್ರೈವರ್ ಸೇರಿಸಿ ಕಟ್ಟಿದ್ದರೆ ಮಾಡ್‌ಪ್ರೋಬ್‌ಗೆ ಕೆಲಸವಿಲ್ಲ. ಗಾತ್ರವನ್ನು ಬೂಟ್ ಮಾಡುವಾಗಲೇ ಹೇಳಬೇಕು.

ಬೇರೆ ಯುನಿಕ್ಸ್‌ಗಳಲ್ಲಿ ಹೆಸರು ಬೇರೆ, ತತ್ವ ಒಂದೇ. ಸೋಲಾರಿಸ್‌ನಲ್ಲಿ ರ್ಯಾಮ್‌ಡಿಸ್ಕ್‌ಆಡ್ಮ್ ಕಮಾಂಡ್‌ಗೆ ಒಂದು ಹೆಸರು ಮತ್ತು ಗಾತ್ರ ಕೊಟ್ಟರೆ ಆ ಹೆಸರಿನ ಡಿವೈಸ್ ಹುಟ್ಟುತ್ತದೆ. ಡಾಸ್ ಫ್ಲಾಪಿಗೆ ಅಲ್ಲಿನ ಫೈಲ್ ಸಿಸ್ಟಮ್ ಹೆಸರು ಪಿಸಿಎಫ್‌ಎಸ್. ಮ್ಯಾಕ್‌ನಲ್ಲಿ ಎಚ್‌ಡಿಐಯುಟಿಲ್‌ಗೆ ರ್ಯಾಮ್, ಕೋಲನ್, ಎರಡು ಓರೆಗೆರೆ, ಆಮೇಲೆ 2880 ಎಂದು ಕೊಡಬೇಕು. ಅಲ್ಲಿ ಲೆಕ್ಕ ಕೆಬಿಯಲ್ಲಲ್ಲ, 512 ಬೈಟ್‌ನ ಸೆಕ್ಟರ್‌ಗಳಲ್ಲಿ. 1440 ಎಂದು ಕೊಟ್ಟರೆ ಅರ್ಧ ಫ್ಲಾಪಿ ಸಿಗುತ್ತದೆ.

ಫ್ರೀಬಿಎಸ್‌ಡಿ ಮಾತ್ರ ಸ್ವಲ್ಪ ನಿಂತು ನೋಡುವಂಥದ್ದು. ಅಲ್ಲಿ ಎಂಡಿ ಎಂಬ ಒಂದೇ ಡ್ರೈವರ್ ಎರಡೂ ವೇಷ ಹಾಕುತ್ತದೆ. ಎಂಡಿಕಾನ್ಫಿಗ್ ಕಮಾಂಡ್‌ಗೆ ಬಗೆ ಮ್ಯಾಲಾಕ್ ಎಂದರೆ ಅದು ರ್ಯಾಮ್ ಡಿಸ್ಕ್. ವಿನೋಡ್ ಎಂದು ಫೈಲ್ ಹೆಸರು ಕೊಟ್ಟರೆ ಅದು ಲಿನಕ್ಸ್‌ನವರು ಲೂಪ್ ಎನ್ನುವಂಥದ್ದು. ಸ್ವಾಪ್ ಎಂಬ ಮೂರನೇ ಬಗೆಯೂ ಇದೆ, ಮೆಮೊರಿ ಕಡಿಮೆಯಾದರೆ ಡಿಸ್ಕ್‌ಗೆ ಸರಿಯುತ್ತದೆ. ಬ್ಲಾಕ್ ಕೊಡುವ ಮುಖ ಒಂದೇ, ಬ್ಲಾಕ್‌ಗಳು ಎಲ್ಲಿಂದ ಬರುತ್ತವೆ ಎಂಬುದು ಬೇರೆ ಮಾತು ಎಂದು ಒಪ್ಪಿಕೊಂಡ ವಿನ್ಯಾಸ ಇದು. ಲಿನಕ್ಸ್‌ನಲ್ಲಿ ಎರಡಕ್ಕೆ ಎರಡು ಡ್ರೈವರ್ ಇರುವುದಕ್ಕಿಂತ ಇದೇ ಚೊಕ್ಕ ಎಂದು ನನ್ನ ಅನಿಸಿಕೆ.

ಇಲ್ಲೊಂದು ಗೊಂದಲ ಬಿಡಿಸಬೇಕು. ಟಿಎಂಪಿಎಫ್‌ಎಸ್ ಕೂಡ ಮೆಮೊರಿಯಲ್ಲೇ ಇರುತ್ತದೆ, ಅದನ್ನೇ ಬಳಸಬಾರದೇ ಎಂದು ಬಹಳ ಜನ ಕೇಳುತ್ತಾರೆ. ಆಗುವುದಿಲ್ಲ. ಟಿಎಂಪಿಎಫ್‌ಎಸ್ ಒಂದು ಫೈಲ್ ಸಿಸ್ಟಮ್, ಬ್ಲಾಕ್ ಡಿವೈಸ್ ಅಲ್ಲ. ಅದಕ್ಕೆ ಫೈಲ್‌ಗಳು ಗೊತ್ತು, ನಂಬರ್ ಹಾಕಿದ ಸೆಕ್ಟರ್‌ಗಳು ಗೊತ್ತಿಲ್ಲ. ಇಮೇಜನ್ನು ಅಲ್ಲಿಗೆ ಕಾಪಿ ಮಾಡಿದರೆ ಮತ್ತೆ ಒಂದು ಸಾಮಾನ್ಯ ಫೈಲೇ ಆಗಿ ಕೂರುತ್ತದೆ. ಹೊರಟಲ್ಲಿಗೇ ವಾಪಸ್ ಬಂದಂತಾಯಿತು. ತಾತ್ಕಾಲಿಕ ಫೈಲ್‌ಗಳನ್ನು ವೇಗವಾಗಿ ಇಡಲು ಟಿಎಂಪಿಎಫ್‌ಎಸ್ ಎಷ್ಟೋ ಮೇಲು. ರ್ಯಾಮ್ ಡಿಸ್ಕ್ ಬೇಕಾಗುವುದು ಹೀಗೆ ಡಿಸ್ಕ್‌ನ ಒಳರಚನೆಯನ್ನೇ ಇದ್ದಂತೆ ತರಬೇಕಾದಾಗ.

ಮೌಂಟ್ ಆಗದಿದ್ದರೆ

ಮೊದಲು ಗಾತ್ರ ನೋಡಿ. 7,37,280 ಬೈಟ್ ಇದ್ದರೆ 720 ಕೆಬಿಯ ಫ್ಲಾಪಿ. 12,28,800 ಇದ್ದರೆ ಐದೂಕಾಲು ಇಂಚಿನ 1.2 ಎಂಬಿ. 3,68,640 ಇದ್ದರೆ ಅದಕ್ಕೂ ಹಳೆಯ 360 ಕೆಬಿ. ಇವೆಲ್ಲ ಇದೇ ದಾರಿಯಲ್ಲಿ ತೆರೆಯುತ್ತವೆ, ಕೌಂಟ್ ಮಾತ್ರ ಬದಲಿಸಬೇಕು.

ಗಾತ್ರ ಈ ಲೆಕ್ಕಗಳಿಗಿಂತ ಸ್ವಲ್ಪ ಜಾಸ್ತಿ ಇದ್ದರೆ ಮುಂದುಗಡೆ ಯಾವುದೋ ಹೆಡರ್ ಅಂಟಿರಬಹುದು. ಹಳೆಯ ಮ್ಯಾಕ್‌ನ ಡಿಸ್ಕ್‌ಕಾಪಿ 4.2 ಇಮೇಜ್ ಇದಕ್ಕೆ ಒಳ್ಳೆಯ ಉದಾಹರಣೆ. ಮೊದಲ 84 ಬೈಟ್ ಅದರದ್ದೇ ಮಾಹಿತಿ, ಡಿಸ್ಕ್ ಶುರುವಾಗುವುದು ಆಮೇಲೆ. ಹಾಗೇ ಸುರಿದರೆ ಪ್ರತಿ ಸೆಕ್ಟರ್ ಕೂಡ 84 ಬೈಟ್ ಪಕ್ಕಕ್ಕೆ ಸರಿದಿರುತ್ತದೆ, ಫೈಲ್ ಸಿಸ್ಟಮ್‌ಗೆ ತಲೆಬುಡ ತಿಳಿಯುವುದಿಲ್ಲ. ಡಿಡಿಗೆ ಬ್ಲಾಕ್ ಸೈಜ್ 84, ಸ್ಕಿಪ್ 1 ಎಂದರೆ ಹೆಡರ್ ಉದುರುತ್ತದೆ. ಲಿನಕ್ಸ್‌ನಲ್ಲಿ ಹೀಗೆ ನೇರ ರ್ಯಾಮ್ ಡಿಸ್ಕ್‌ಗೆ ಬರೆಯಬಹುದು. ಫ್ರೀಬಿಎಸ್‌ಡಿ 512ರ ಲೆಕ್ಕಕ್ಕೆ ಕೂರದ ಬರವಣಿಗೆಯನ್ನು ಡಿಸ್ಕ್ ಮೇಲೆ ಬಿಡುವುದಿಲ್ಲ. ಅಲ್ಲಿ ಮೊದಲು ಬೇರೊಂದು ಫೈಲ್‌ಗೆ ಹೆಡರ್ ತೆಗೆದಿಟ್ಟು, ಆಮೇಲೆ ಸುರಿಯಬೇಕು.

ಟೆಲಿಡಿಸ್ಕ್, ಇಮೇಜ್‌ಡಿಸ್ಕ್ ಬಗೆಯ ಇಮೇಜ್‌ಗಳು ಬೇರೆ ಜಾತಿ. ಅವುಗಳಲ್ಲಿ ಸೆಕ್ಟರ್‌ಗಳು ಸುಮ್ನೆ ಸಾಲಾಗಿ ಇರುವುದಿಲ್ಲ. ಪ್ರತಿ ಟ್ರ್ಯಾಕ್‌ನ ವಿವರ ಜೊತೆಗಿರುತ್ತದೆ, ಪೂರ್ತಿ ಒಂದೇ ಬೈಟ್ ತುಂಬಿದ ಸೆಕ್ಟರನ್ನು ಚಿಕ್ಕದಾಗಿ ಬರೆದಿರುತ್ತಾರೆ. ಮೊದಲು ಸಾದಾ ಇಮೇಜ್ ಆಗಿ ಬಿಡಿಸದೆ ಡಿಡಿ ಮಾಡಿದರೆ ಕಸವೇ ಬರುತ್ತದೆ.

ಗಾತ್ರ ಸರಿಯಿದ್ದೂ ಮೌಂಟ್ ಆಗದಿದ್ದರೆ ಒಳಗಿರುವ ಫೈಲ್ ಸಿಸ್ಟಮ್ ಬೇರೆ ಇರಬಹುದು. ಸೊನ್ನೆಯ ಸೆಕ್ಟರ್‌ನ ಕೊನೆಯ ಎರಡು ಬೈಟ್ ಹೆಕ್ಸ್‌ನಲ್ಲಿ 55 ಮತ್ತು ಎಎ ಆಗಿದ್ದರೆ ಡಾಸ್ ಕಡೆಯದು ಎಂದು ಊಹಿಸಬಹುದು. ಇಲ್ಲದಿದ್ದರೆ ಮಿನಿಕ್ಸ್, ಮ್ಯಾಕ್‌ನ ಎಚ್‌ಎಫ್‌ಎಸ್, ಹಳೆಯ ಯುನಿಕ್ಸ್‌ಗಳದ್ದು, ಏನು ಬೇಕಾದರೂ ಆಗಬಹುದು. ಫೈಲ್ ಎಂಬ ಕಮಾಂಡ್ ಒಮ್ಮೆ ಓಡಿಸಿದರೆ ಬಹಳ ಸಲ ಅದೇ ಹೇಳುತ್ತದೆ. ರ್ಯಾಮ್ ಡಿಸ್ಕ್ ಬ್ಲಾಕ್ ಕೊಡುತ್ತದೆಯೇ ಹೊರತು ಅರ್ಥ ಹೇಳುವುದಿಲ್ಲ. ಅರ್ಥ ಹೇಳುವ ಫೈಲ್ ಸಿಸ್ಟಮ್ ಕರ್ನಲ್‌ನಲ್ಲಿ ಇಲ್ಲದಿದ್ದರೆ ಮೌಂಟ್ ಸಾಧ್ಯವಿಲ್ಲ. ಡಾಸ್‌ಗಿಂತ ಹಳೆಯದಾದ ಸಿಪಿ/ಎಂ ಫ್ಲಾಪಿಗಳಿಗೆ ಮೌಂಟ್ ಬಿಟ್ಟು ಸಿಪಿಎಂಟೂಲ್ಸ್ ಹಿಡಿಯುವುದೇ ಸುಲಭ. ಡಾಸ್ ಇಮೇಜ್‌ಗೂ ಎಂಟೂಲ್ಸ್ ಇದೆ. ರೂಟ್ ಪಾಸ್‌ವರ್ಡ್ ಇಲ್ಲದ ಮಷೀನ್‌ನಲ್ಲಿ ಕೂತಿದ್ದರೆ ಅದೇ ಗತಿ. ಅದು ಕರ್ನಲ್‌ನ ಸಹವಾಸವಿಲ್ಲದೆ ಫ್ಯಾಟ್ ಕೋಷ್ಟಕವನ್ನು ತಾನೇ ಓದಿಕೊಳ್ಳುತ್ತದೆ.

ಇಮೇಜ್ ಇಲ್ಲ, ಹಳೆಯ ಫ್ಲಾಪಿಯೇ ಇದೆ, ಡ್ರೈವೂ ಹೇಗೋ ಸಿಕ್ಕಿದೆ ಎಂದಾದರೆ ಇಮೇಜ್ ತೆಗೆಯುವಾಗ ಡಿಡಿಗೆ ನೋಎರರ್ ಮತ್ತು ಸಿಂಕ್ ಎರಡನ್ನೂ ಹೇಳಿ, ಬ್ಲಾಕ್ ಸೈಜ್ 512 ಇಡಿ. ನೋಎರರ್ ಎಂದರೆ ಕೆಟ್ಟ ಸೆಕ್ಟರ್ ಸಿಕ್ಕರೂ ನಿಲ್ಲಬೇಡ ಎಂದರ್ಥ. ಸಿಂಕ್ ಎಂದರೆ ಓದಲಾಗದ ಜಾಗಕ್ಕೆ ಸೊನ್ನೆ ತುಂಬು ಎಂದರ್ಥ. ಸಿಂಕ್ ಮರೆತರೆ ಕೆಟ್ಟ ಸೆಕ್ಟರ್ ಇಮೇಜ್‌ನಿಂದ ಮಾಯವಾಗಿ, ಅದರ ಮುಂದಿನವೆಲ್ಲ ಒಂದೊಂದು ಮನೆ ಹಿಂದಕ್ಕೆ ಬರುತ್ತವೆ. ಒಂದು ಸೆಕ್ಟರ್ ಕೆಟ್ಟದ್ದಕ್ಕೆ ಇಡೀ ಫ್ಲಾಪಿ ಕೆಟ್ಟಂತೆ. ಸೊನ್ನೆ ತುಂಬಿದ್ದರೆ ಹೋದದ್ದು ಆ 512 ಬೈಟ್ ಮಾತ್ರ.

ಎಲ್ಲಿಂದಲೋ ಬಂದ ಇಮೇಜ್ ಆಗಿದ್ದರೆ ಮೌಂಟ್ ಮಾಡುವಾಗ ರೀಡ್ ಓನ್ಲಿ, ನೋಎಸ್‌ಯುಐಡಿ, ನೋಡೆವ್ ಎಂಬ ಮೂರು ಆಯ್ಕೆ ಸೇರಿಸಿ. ಡಾಸ್ ಫ್ಲಾಪಿಯಲ್ಲಿ ಯುನಿಕ್ಸ್‌ನ ಪರ್ಮಿಷನ್‌ಗಳೇ ಇರುವುದಿಲ್ಲ, ಭಯ ಕಡಿಮೆ. ಯುನಿಕ್ಸ್ ಫೈಲ್ ಸಿಸ್ಟಮ್ ಇರುವ ಫ್ಲಾಪಿಯಲ್ಲಿ ಮಾತ್ರ ರೂಟ್ ಹೆಸರಿನ ಸೆಟ್‌ಯುಐಡಿ ಪ್ರೋಗ್ರಾಂ (ಯಾರು ಓಡಿಸಿದರೂ ಒಡೆಯನ ಅಧಿಕಾರದಲ್ಲೇ ಓಡುವಂಥದ್ದು) ಒಂದನ್ನು ಯಾರಾದರೂ ಬಚ್ಚಿಟ್ಟಿರಬಹುದು. ಅದನ್ನು ಓಡಿಸಿದವರು ನಿಮ್ಮ ಮಷೀನ್‌ನಲ್ಲಿ ರೂಟ್ ಆಗಿಬಿಡುತ್ತಾರೆ. ಮೌಂಟ್ ಮಾಡಲು ಸಾಮಾನ್ಯವಾಗಿ ರೂಟ್ ಅಧಿಕಾರ ಬೇಕು ಎಂದು ಯುನಿಕ್ಸ್ ಹೇಳುವುದಕ್ಕೆ ಇದೂ ಒಂದು ಕಾರಣ.

ಬರೀ ನೋಡುವುದಕ್ಕೆ ತೆರೆದಿದ್ದರೆ, ಎದ್ದು ಹೋಗುವ ಮೊದಲು ಒಂದು ಪರೀಕ್ಷೆ ಮಾಡಬಹುದು. ಅನ್‌ಮೌಂಟ್ ಮಾಡಿ, ಸಿಎಂಪಿ ಕಮಾಂಡ್‌ಗೆ ಮೂಲ ಇಮೇಜನ್ನೂ ರ್ಯಾಮ್0 ಅನ್ನೂ ಕೊಡಿ. ಅದು ಏನೂ ಹೇಳದೆ ಸುಮ್ಮನಿದ್ದರೆ ಎರಡೂ ಬೈಟ್ ಬೈಟೂ ಒಂದೇ. ಬರೆಯಲು ಬಿಟ್ಟು ಮೌಂಟ್ ಮಾಡಿದ್ದರೆ, ನೀವು ಫೈಲ್ ಓದಿದ್ದಷ್ಟೇ ಆದರೂ, ಓದಿದ ದಿನಾಂಕ ಡೈರೆಕ್ಟರಿಯಲ್ಲಿ ಬದಲಾಗಿ ಒಂದೆರಡು ಬೈಟ್ ವ್ಯತ್ಯಾಸ ಬಂದಿರಬಹುದು. ಎಷ್ಟನೇ ಬೈಟ್ ಎಂದು ಸಿಎಂಪಿ ಹೇಳುತ್ತದೆ. ಅದರಿಂದ ಒಂದು ಕಳೆದು, 512ರಿಂದ ಭಾಗಿಸಿ ನೋಡಿ. ಉತ್ತರ 19ರಿಂದ 32ರ ಒಳಗೆ ಬಂದರೆ ಬದಲಾದದ್ದು ಮುಖ್ಯ ಡೈರೆಕ್ಟರಿಯಲ್ಲೇ. ಆಮೇಲೆ ಮಾಡ್ಯೂಲ್ ತೆಗೆದುಹಾಕಿ. 1440 ಕೆಬಿ ಮೆಮೊರಿ ವಾಪಸ್ ಬರುತ್ತದೆ.